ಹಿಮನದಿ ಸಾಯುವ ತಾರೀಖು

2007ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ, ಅಂದರೆ ಐಪಿಸಿಸಿ, ತನ್ನ ನಾಲ್ಕನೇ ವರದಿ ಹೊರತಂದಿತು. ಅದರ ಎರಡನೇ ಸಂಪುಟವೇ ಸಾವಿರ ಪುಟಕ್ಕೆ ಹತ್ತಿರ. ಏಷ್ಯಾದ ಬಗೆಗಿನ ಅಧ್ಯಾಯದಲ್ಲಿ, 493ನೇ ಪುಟದಲ್ಲಿ, ಒಂದು ಪ್ಯಾರಾ ಇದೆ. ಈಗಿನ ವೇಗದಲ್ಲೇ ಹೋದರೆ ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ, ಬಹುಶಃ ಅದಕ್ಕೂ ಮೊದಲೇ, ಇಲ್ಲವಾಗುವ ಸಾಧ್ಯತೆ ತುಂಬಾ ಹೆಚ್ಚು ಎನ್ನುತ್ತದೆ ಅದು. ಅದರ ಬೆನ್ನಿಗೇ ಬರುವ ಮಾತು: ಅವುಗಳ ವಿಸ್ತೀರ್ಣ ಈಗಿನ 5 ಲಕ್ಷ ಚದರ ಕಿಲೋಮೀಟರಿನಿಂದ 2035ರ ಹೊತ್ತಿಗೆ 1 ಲಕ್ಷಕ್ಕೆ ಇಳಿಯಲಿದೆ.

ಇನ್ನೊಮ್ಮೆ ಓದಿ. ಮೊದಲು ಪೂರ್ತಿ ಖಾಲಿ ಎಂದರು, ಆಮೇಲೆ 1 ಲಕ್ಷ ಚದರ ಕಿಲೋಮೀಟರ್ ಉಳಿಯುತ್ತದೆ ಎಂದರು. ಎರಡೂ ಒಂದೇ ವರ್ಷಕ್ಕೆ. ಅಂಗಡಿ ಲೆಕ್ಕದ ಪುಸ್ತಕದಲ್ಲಿ ಹೀಗೆ ಬರೆದಿದ್ದರೆ ಗುಮಾಸ್ತ ಅವತ್ತೇ ಬೈಗುಳ ತಿನ್ನುತ್ತಿದ್ದ. ಇದು ಅಚ್ಚಾಗಿ ಎರಡು ವರ್ಷಕ್ಕೂ ಹೆಚ್ಚು ಕಾಲ ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ, ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಓಡಾಡಿತು. ಹಿಮಾಲಯದ ಬಗ್ಗೆ ಬೇರೇನೂ ಗೊತ್ತಿಲ್ಲದವರಿಗೂ 2035 ಗೊತ್ತಿತ್ತು.

ಮೊದಲು ಆ 5 ಲಕ್ಷದ ಕಥೆ ನೋಡೋಣ. ಹಿಮಾಲಯ, ಕಾರಕೋರಂ, ಪಾಮೀರ್, ತಿಯಾನ್ ಶಾನ್, ಟಿಬೆಟ್ ಎಲ್ಲವನ್ನೂ ಕೂಡಿಸಿದರೂ ಏಷ್ಯಾದ ಎತ್ತರದ ಪರ್ವತಗಳಲ್ಲಿ ಹಿಮನದಿ ಇರುವುದು ಸುಮಾರು 1 ಲಕ್ಷ ಚದರ ಕಿ.ಮೀ. ಜಾಗದಲ್ಲಿ. ಹಿಮಾಲಯ ಅದರಲ್ಲಿ ಒಂದು ಪಾಲು ಮಾತ್ರ. ಹಾಗಾದರೆ ಐದು ಲಕ್ಷ ಎಲ್ಲಿಂದ ಬಂತು, 2035 ಎಲ್ಲಿಂದ ಬಂತು? ಕೆನಡಾದ ಟ್ರೆಂಟ್ ವಿಶ್ವವಿದ್ಯಾಲಯದ ಗ್ರಹಾಂ ಕಾಗ್ಲಿ ಎಂಬ ಹಿಮನದಿ ತಜ್ಞರು ಎಳೆ ಹಿಡಿದು ಹಿಂದಕ್ಕೆ ಹೋದರು. ಐಪಿಸಿಸಿ ಆಧಾರವಾಗಿ ಕೊಟ್ಟಿದ್ದು ಡಬ್ಲ್ಯುಡಬ್ಲ್ಯುಎಫ್ ಎಂಬ ವನ್ಯಜೀವಿ ಸಂರಕ್ಷಣಾ ಸಂಸ್ಥೆಯ 2005ರ ವರದಿಯನ್ನು. ಆ ವರದಿಗೆ ಆಧಾರ 1999ರ ಒಂದು ಪತ್ರಿಕಾ ಲೇಖನ. ಆ ಲೇಖನಕ್ಕೆ ಆಧಾರ ದೆಹಲಿಯ ಒಬ್ಬ ತಜ್ಞರೊಂದಿಗೆ ಆಡಿದ ಮಾತು. ಸಂಶೋಧನಾ ಪ್ರಬಂಧ ಎಂಬುದು ಈ ಸರಪಳಿಯಲ್ಲಿ ಎಲ್ಲೂ ಇಲ್ಲ. ಇನ್ನು 5 ಲಕ್ಷ ಮತ್ತು 1 ಲಕ್ಷದ ಅಂಕಿಗಳು ರಷ್ಯಾದ ವಿಜ್ಞಾನಿ ಕೋಟ್ಲ್ಯಾಕೋವ್ 1996ರಲ್ಲಿ ಯುನೆಸ್ಕೊಗಾಗಿ ಬರೆದ ವರದಿಯಲ್ಲಿ ಸಿಕ್ಕವು. ಅವರು ಹೇಳಿದ್ದು ಹಿಮಾಲಯದ ವಿಷಯವಲ್ಲ, ಧ್ರುವ ಪ್ರದೇಶ ಬಿಟ್ಟು ಇಡೀ ಭೂಮಿಯ ಹಿಮನದಿಗಳ ವಿಷಯ. ಅವರು ಕೊಟ್ಟ ವರ್ಷ 2350. ಆ 2350 ಅಂಕಿ ಅದಲುಬದಲಾಗಿ 2035 ಆಗಿರಬಹುದು ಎಂಬುದು ಕಾಗ್ಲಿಯವರ ಊಹೆ. ಮುನ್ನೂರು ಚಿಲ್ಲರೆ ವರ್ಷ ಒಂದೇ ಏಟಿಗೆ ಮಾಯ.

ಅದೇ ಅಧ್ಯಾಯದಲ್ಲಿ ಇನ್ನೊಂದು ಚಿಕ್ಕ ತಪ್ಪಿದೆ. ಅದರ ಸುದ್ದಿ ಹೆಚ್ಚು ಆಗಲಿಲ್ಲ, ನನಗೆ ಮಾತ್ರ ಅದೇ ಹೆಚ್ಚು ಇಷ್ಟ. ಉತ್ತರಾಖಂಡದ ಪಿಂಡಾರಿ ಹಿಮನದಿ 1845ರಿಂದ 1966ರ ನಡುವೆ 2,840 ಮೀಟರ್ ಹಿಂದೆ ಸರಿದಿದೆ, ಅಂದರೆ ವರ್ಷಕ್ಕೆ 135.2 ಮೀಟರ್ ಎಂದು ಒಂದು ಕೋಷ್ಟಕ ಹೇಳುತ್ತದೆ. 1845ರಿಂದ 1966ಕ್ಕೆ 121 ವರ್ಷ. 2,840ನ್ನು 121ರಿಂದ ಭಾಗಿಸಿ ನೋಡಿ, ಬರುವುದು 23.5. ಹಾಗಾದರೆ 135.2 ಬಂದದ್ದು ಹೇಗೆ? 21ರಿಂದ ಭಾಗಿಸಿದರೆ ಸರಿಯಾಗಿ ಅಷ್ಟೇ ಬರುತ್ತದೆ. ಯಾರೋ ನೂರು ವರ್ಷವನ್ನು ಕೈಬಿಟ್ಟು ಭಾಗಿಸಿದ್ದಾರೆ. ಐದನೇ ಕ್ಲಾಸಿನ ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಟು ಹಾಕುವ ತಪ್ಪು ಇದು.

2009ರ ನವೆಂಬರಿನಲ್ಲಿ ಭಾರತ ಸರ್ಕಾರದ ಪರಿಸರ ಸಚಿವಾಲಯ ಒಂದು ಚರ್ಚಾಪತ್ರ ಬಿಡುಗಡೆ ಮಾಡಿತು. ಬರೆದವರು ಭೂವೈಜ್ಞಾನಿಕ ಸರ್ವೇಕ್ಷಣಾಲಯದಲ್ಲಿ ಹಿರಿಯ ಹುದ್ದೆಯಲ್ಲಿದ್ದು ನಿವೃತ್ತರಾದ ವಿ.ಕೆ. ರೈನಾ. ಸಚಿವರು ನಮ್ಮ ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಮ್ ರಮೇಶ್. ಹಿಮನದಿಗಳು ಹಿಂದೆ ಸರಿಯುತ್ತಿರುವುದು ಹೌದು, ಆದರೆ ಈ ವೇಗದಲ್ಲಿ ಅಲ್ಲ ಎಂದಿತು ಆ ಪತ್ರ. ಐಪಿಸಿಸಿ ಅಧ್ಯಕ್ಷರಾಗಿದ್ದ ಆರ್.ಕೆ. ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನ ಎಂಬರ್ಥದಲ್ಲಿ ತಳ್ಳಿಹಾಕಿದರು. ಎರಡೂವರೆ ತಿಂಗಳು ಕಳೆಯುವಷ್ಟರಲ್ಲಿ, 2010ರ ಜನವರಿ 20ರಂದು, ಐಪಿಸಿಸಿಯೇ ವಿಷಾದ ಸೂಚಿಸಿ ಹೇಳಿಕೆ ಕೊಡಬೇಕಾಯಿತು. ಕಾಗ್ಲಿ ಮತ್ತು ಜೊತೆಗಾರರ ಲೆಕ್ಕದ ಪ್ರಕಾರ 2035ಕ್ಕೆ ಎಲ್ಲ ಕರಗಬೇಕಿದ್ದರೆ, 1960ರಿಂದ 1999ರವರೆಗಿನ ವೇಗಕ್ಕಿಂತ 25 ಪಟ್ಟು ಹೆಚ್ಚು ವೇಗ ಬೇಕಿತ್ತು. ಆಸ್ಟ್ರಿಯಾದ ಹಿಮನದಿ ತಜ್ಞ ಜಾರ್ಜ್ ಕಾಸರ್ ತಾವು 2006ರಲ್ಲೇ ಎಚ್ಚರಿಸಿದ್ದಾಗಿ ಹೇಳಿದರು. ಪರಿಶೀಲನೆಯ ಹಂತದಲ್ಲಿ ಜಪಾನ್ ಸರ್ಕಾರ ಕೂಡ ಈ ಮಾತಿಗೆ ಎಷ್ಟು ಖಾತ್ರಿ ಇದೆ ಎಂದು ಕೇಳಿತ್ತು. ಪ್ರಶ್ನೆ ಕೇಳಿದವರು ಇದ್ದರು, ಉತ್ತರ ಬರೆಯುವವರು ಗಮನ ಕೊಡಲಿಲ್ಲ.

ಈ ಗಲಾಟೆಯಲ್ಲಿ ಒಂದು ಮಾತು ಮುಚ್ಚಿಹೋಯಿತು. 2035 ಎಂಬುದು ತಪ್ಪಾದ ಮುನ್ಸೂಚನೆಯಲ್ಲ. ಅದು ಮುನ್ಸೂಚನೆಯೇ ಅಲ್ಲ. ಯಾವ ಕಂಪ್ಯೂಟರ್ ಮಾಡೆಲೂ ಆ ವರ್ಷವನ್ನು ಹೇಳಿರಲಿಲ್ಲ, ಯಾವ ಅಳತೆಯಿಂದಲೂ ಅದು ಹುಟ್ಟಿರಲಿಲ್ಲ. ಅದೇ ಐಪಿಸಿಸಿ ವರದಿಯ ಮೊದಲ ಸಂಪುಟದಲ್ಲಿ, ಭೌತಶಾಸ್ತ್ರದವರು ಬರೆದ ಭಾಗದಲ್ಲಿ, ಅದರ ಸುಳಿವೂ ಇಲ್ಲ. ನಕಲು ಮಾಡುವಾಗ ಆದ ಪ್ರಮಾದವನ್ನು ಹಿಡಿದುಕೊಂಡು ಹವಾಮಾನ ವಿಜ್ಞಾನದ ಮುನ್ಸೂಚನೆಗಳನ್ನೆಲ್ಲ ತೂಗಿದರೆ ತಕ್ಕಡಿಯೇ ಸರಿಯಿಲ್ಲ ಎಂದರ್ಥ. ಹಾಗಾದರೆ ನಿಜವಾದ ಮುನ್ಸೂಚನೆಗಳು ಹೇಗಿರುತ್ತವೆ? ಅವನ್ನು ಎಷ್ಟು ನಂಬಬಹುದು?

ನನ್ನನ್ನು ಈ ಪ್ರಶ್ನೆಗೆ ತಳ್ಳಿದವರು ನಮ್ಮ ಭಾವ. ಚಾರ್‌ಧಾಮ್ ಯಾತ್ರೆಗೆ ಹೋದವರು ಗಂಗೋತ್ರಿಯಿಂದ ಗೋಮುಖದ ತನಕ ನಡೆದು ಬಂದಿದ್ದರು. ಊರಿಗೆ ಬಂದು ಎಲ್ಲರಿಗೂ ತೀರ್ಥ ಹಂಚಿ ಕಾಫಿ ಕುಡಿಯುತ್ತ ನನ್ನನ್ನು ಹಿಡಿದುಕೊಂಡರು. ‘ಖಾಲಿ ಆಗ್ತದೆ, ಖಾಲಿ ಆಗ್ತದೆ ಅಂತ ಬರೀತಿದ್ರಲ್ಲಯ್ಯ, ಅಲ್ಲೇ ಇದೆ. ತಲೆ ಎತ್ತಿ ನೋಡಿದ್ರೆ ಟೋಪಿ ಬೀಳ್ಬೇಕು, ಅಷ್ಟು ಎತ್ತರದ ಐಸ್ ಗೋಡೆ.’ ಅವರು ಸುಳ್ಳು ಹೇಳುತ್ತಿರಲಿಲ್ಲ. ಗಂಗೋತ್ರಿ ಹಿಮನದಿ ಸುಮಾರು 30 ಕಿ.ಮೀ. ಉದ್ದ. ಅದು ಕೊನೆಗೊಳ್ಳುವ ತುದಿಯನ್ನು ವಿಜ್ಞಾನಿಗಳು ಮೂತಿ ಎನ್ನುತ್ತಾರೆ. ಗೋಮುಖ ಎಂದು ಹೆಸರಿಟ್ಟ ಹಳಬರೂ ಅದನ್ನೇ ಅಂದಿದ್ದರು, ಹಸುವನ್ನು ಸೇರಿಸಿಕೊಂಡು. ವರ್ಷಕ್ಕೆ 20 ಮೀಟರ್ ಲೆಕ್ಕದಲ್ಲಿ ಆ ಮೂತಿ ಹಿಂದೆ ಸರಿದರೆ 30 ಕಿ.ಮೀ. ಮುಗಿಯಲು 1,500 ವರ್ಷ ಬೇಕು. ಇನ್ನೂ ಸೋಜಿಗವೆಂದರೆ 2007ರ ಸೆಪ್ಟೆಂಬರಿನಿಂದ 2009ರ ಜೂನ್‌ವರೆಗೆ ಗಂಗೋತ್ರಿಯ ಮೂತಿ ಹೆಚ್ಚುಕಮ್ಮಿ ನಿಂತಲ್ಲೇ ನಿಂತಿತ್ತು ಎಂದು ರೈನಾ ಬರೆದಿದ್ದಾರೆ.

ಹಾಗಾದರೆ ಭಾವ ಗೆದ್ದರೇ? ಇಲ್ಲ. ಅವರದೇ ಊರಿನ ಕೆರೆಯನ್ನು ತೋರಿಸಿ ನಾನು ಹೇಳಿದ್ದು ಇದು.

ಕೆರೆಯಲ್ಲಿ ಏರಿಯ ಬದಿಗೆ ಆಳ, ಅಂಗಳದ ಬದಿಗೆ ತೆಳು. ಬೇಸಿಗೆಯಲ್ಲಿ ನೀರು ಒಂದಡಿ ಇಳಿದರೆ ಅಂಗಳದ ಕಡೆ ನೀರಿನ ಅಂಚು ನೂರು ಮಾರು ಹಿಂದೆ ಸರಿದಿರುತ್ತದೆ, ದನ ಮೇಯಲು ಜಾಗ ಆಗಿರುತ್ತದೆ. ಏರಿಯ ಕಡೆ ಅದೇ ಅಂಚು ಕಲ್ಲುಕಟ್ಟಣೆಯ ಮೇಲೆ ಒಂದು ಗೀಟು ಕೆಳಗೆ ಬಂದಿರುತ್ತದೆ ಅಷ್ಟೆ. ಅಂಗಳದಲ್ಲಿ ನಿಂತವನು ಕೆರೆ ಬತ್ತಿತು ಎನ್ನುತ್ತಾನೆ, ಏರಿ ಮೇಲೆ ನಿಂತವನು ಏನೂ ಆಗಿಲ್ಲ ಎನ್ನುತ್ತಾನೆ. ಇಬ್ಬರೂ ನೋಡಿದ್ದು ಅಂಚನ್ನು. ನೀರು ಎಷ್ಟಿದೆ ಎಂದು ತಿಳಿಯಬೇಕಿದ್ದರೆ ಅಳೆಯಬೇಕಾದ್ದು ಆಳ. ಎಷ್ಟು ದಿನ ಬರುತ್ತದೆ ಎಂದು ತಿಳಿಯಬೇಕಿದ್ದರೆ ಹಳ್ಳದಿಂದ ಬರುವುದೆಷ್ಟು, ತೂಬಿನಿಂದ ಹೋಗುವುದೆಷ್ಟು ಎಂಬ ಲೆಕ್ಕವೂ ಬೇಕು.

ಹಿಮನದಿ ಇಂಥದ್ದೇ ಒಂದು ಕೆರೆ, ಇಳಿಜಾರಿನಲ್ಲಿ ಒರಗಿಕೊಂಡದ್ದು, ತೆವಳುತ್ತ ಇಳಿಯುವಂಥದ್ದು. ಮೇಲೆ ಹಿಮ ಬೀಳುತ್ತದೆ, ವರ್ಷದಿಂದ ವರ್ಷಕ್ಕೆ ಒತ್ತಿ ಗಟ್ಟಿಯಾಗಿ ಮಂಜುಗಡ್ಡೆಯಾಗುತ್ತದೆ, ತನ್ನ ಭಾರಕ್ಕೆ ತಾನೇ ನಿಧಾನ ಕೆಳಗೆ ಹರಿಯುತ್ತದೆ, ಕೆಳಗಿನ ಬಿಸಿಯಲ್ಲಿ ಕರಗುತ್ತದೆ. ಮೇಲಿನ ಜಮೆಗಿಂತ ಕೆಳಗಿನ ಖರ್ಚು ಹೆಚ್ಚಾದರೆ ಅದು ಸೊರಗುತ್ತದೆ. ಆ ಸೊರಗು ಮೊದಲು ಕಾಣುವುದು ಮೈಯ ದಪ್ಪದಲ್ಲಿ. ಮೂತಿಗೆ ಸುದ್ದಿ ಮುಟ್ಟಲು ಹತ್ತಾರು ವರ್ಷ ಹಿಡಿಯಬಹುದು. ಅಂದರೆ ಗೋಮುಖದಲ್ಲಿ ಇವತ್ತು ಕಾಣುವುದು ಇವತ್ತಿನ ಹವೆಯ ಫಲವಲ್ಲ, ಅಜ್ಜನ ಕಾಲದ ಹವೆಯದೂ ಅದರಲ್ಲಿ ಸೇರಿರುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಒಂದಕ್ಕೊಂದು ಹೊಡೆದಾಡುವಂತೆ ಕಾಣುವ ಎರಡು ಅಧ್ಯಯನಗಳು ಜಗಳ ಬಿಡುತ್ತವೆ. ಆಗ ಅಹಮದಾಬಾದಿನ ಇಸ್ರೊ ಕೇಂದ್ರದಲ್ಲಿದ್ದು ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರಕ್ಕೆ ಬಂದ ಅನಿಲ್ ಕುಲಕರ್ಣಿ ಮತ್ತು ಸಂಗಡಿಗರು 2007ರಲ್ಲಿ ಒಂದು ಲೆಕ್ಕ ಕೊಟ್ಟರು. ಚೇನಾಬ್, ಪಾರ್ವತಿ, ಬಾಸ್ಪಾ ಕಣಿವೆಗಳ 466 ಹಿಮನದಿಗಳ ವಿಸ್ತೀರ್ಣ 1962ರಿಂದೀಚೆಗೆ 2,077 ಚದರ ಕಿ.ಮೀ.ನಿಂದ 1,628ಕ್ಕೆ, ಅಂದರೆ ಶೇ. 21ರಷ್ಟು ಇಳಿದಿದೆ. 2014ರಲ್ಲಿ ಇಸ್ರೊದ ವಿಜ್ಞಾನಿಗಳ ಇನ್ನೊಂದು ಪ್ರಬಂಧ ಬಂತು. 2,018 ಹಿಮನದಿಗಳನ್ನು ಹತ್ತು ವರ್ಷಗಳ ಅಂತರದಲ್ಲಿ ನೋಡಿದಾಗ 1,752ರ ಮೂತಿ ಕದಲಿಲ್ಲ, 248 ಹಿಂದೆ ಸರಿದಿವೆ, 18 ಮುಂದೆ ಬಂದಿವೆ ಎಂದಿತು ಅದು. ಒಂದು ನಲವತ್ತು ವರ್ಷದ ಕಥೆ, ಇನ್ನೊಂದು ಹತ್ತು ವರ್ಷದ್ದು. ಜಾಗಗಳೂ ಬೇರೆ. ಜೊತೆಗೆ, ಮೂತಿ ಕದಲಲಿಲ್ಲ ಅಂದರೆ ದಪ್ಪ ಇಳಿಯಲಿಲ್ಲ ಎಂದಲ್ಲ. ಎರಡನೆಯದನ್ನು ಹಿಡಿದು ಹಿಮಾಲಯ ಕ್ಷೇಮ ಎಂದವರು ಏರಿಯ ಮೇಲೆ ನಿಂತವರು.

ದಪ್ಪ ಅಳೆಯುವುದು ಹೇಗೆ? ಹಳೆಯ ದಾರಿ, ಈಗಲೂ ನಂಬಿಕೆಯ ದಾರಿ, ಬಿದಿರು ಗಳ. ಹಿಮಾಚಲದ ಲಾಹೌಲ್‌ನಲ್ಲಿ ಛೋಟಾ ಶಿಗ್ರಿ ಎಂಬ ಒಂಬತ್ತು ಕಿ.ಮೀ. ಉದ್ದದ ಹಿಮನದಿಯಿದೆ. 2002ರಿಂದ ಪ್ರತಿ ವರ್ಷ ಅಲ್ಲಿ ಲೆಕ್ಕ ನಡೆಯುತ್ತಿದೆ. ಹಬೆಯಿಂದ ಐಸಿನಲ್ಲಿ ತೂತು ಕೊರೆದು, ಒಂದಕ್ಕೊಂದು ಕಟ್ಟಿದ ಬಿದಿರಿನ ತುಂಡುಗಳನ್ನು ಹತ್ತು ಮೀಟರಿನಷ್ಟು ಆಳಕ್ಕೆ ಇಳಿಸುತ್ತಾರೆ. ಮುಂದಿನ ಶರತ್ಕಾಲಕ್ಕೆ ಹೋಗಿ ಬಿದಿರು ಎಷ್ಟು ಹೊರಗೆ ಚಾಚಿದೆ ಎಂದು ಟೇಪು ಹಿಡಿಯುತ್ತಾರೆ. ಎರಡು ಮೀಟರ್ ಚಾಚಿದ್ದರೆ ಎರಡು ಮೀಟರ್ ಐಸು ಕರಗಿತು. ಮೇಲಿನ ಹಿಮದ ಬಯಲಿನಲ್ಲಿ ಗುಂಡಿ ತೋಡಿ ಆ ವರ್ಷದ ಹಿಮ ಎಷ್ಟು ಎಂದು ತೂಗುತ್ತಾರೆ. ಕೂಡಿ ಕಳೆದರೆ ಛೋಟಾ ಶಿಗ್ರಿಯ ಮೈಯೆಲ್ಲ ಸರಾಸರಿ ತೆಗೆದು ವರ್ಷಕ್ಕೆ ಅರ್ಧ ಮೀಟರ್ ನೀರಿನಷ್ಟು ಇಳಿಯುತ್ತಿದೆ. ಅದೇ ಹಿಮನದಿಯ ಮೇಲುಭಾಗದಲ್ಲಿ ಐಸಿನ ದಪ್ಪ 250 ಮೀಟರ್ ದಾಟುತ್ತದೆ. 2035 ಎಷ್ಟು ಅಸಂಬದ್ಧ ಎಂದು ನೋಡಲು ಬೇರೆ ಲೆಕ್ಕ ಬೇಡ. ವರ್ಷಕ್ಕೆ ಅರ್ಧ ಮೀಟರ್ ಎಂಬುದು ನಿರ್ಲಕ್ಷಿಸುವ ಸಂಗತಿ ಅಲ್ಲ ಎಂಬುದನ್ನು ನೋಡಲೂ ಬೇರೆ ಲೆಕ್ಕ ಬೇಡ, ಕಡಿಮೆ ದಪ್ಪದ ಪುಟ್ಟ ಹಿಮನದಿಗಳೇ ಎಣಿಕೆಯಲ್ಲಿ ಹೆಚ್ಚು.

ಸಾವಿರಾರು ಹಿಮನದಿಗಳಿಗೆ ಬಿದಿರು ನೆಡಲು ಆಗದು. ಅಲ್ಲಿ ಉಪಗ್ರಹ ಬೇಕು. 2002ರಲ್ಲಿ ಹಾರಿದ ಗ್ರೇಸ್ ಎಂಬ ಜೋಡಿ ಉಪಗ್ರಹಗಳು ಒಂದರ ಹಿಂದೊಂದು ಓಡುತ್ತ ತಮ್ಮ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗುವುದನ್ನು ಅಳೆದು, ಕೆಳಗಿನ ನೆಲ ಎಷ್ಟು ಭಾರವಾಯಿತು, ಎಷ್ಟು ಹಗುರಾಯಿತು ಎಂದು ಹೇಳುತ್ತಿದ್ದವು. 2012ರಲ್ಲಿ ಅದರ ಲೆಕ್ಕ ಬಂತು: 2003ರಿಂದ 2010ರ ನಡುವೆ ಏಷ್ಯಾದ ಎತ್ತರದ ಪರ್ವತಗಳು ವರ್ಷಕ್ಕೆ 400 ಕೋಟಿ ಟನ್ ಐಸು ಕಳೆದುಕೊಂಡಿವೆ, ಆದರೆ ಈ ಲೆಕ್ಕ 2,000 ಕೋಟಿ ಟನ್ ಆಚೀಚೆ ಇರಬಹುದು. ನಮಗೆ ಟಿಎಂಸಿ ಭಾಷೆ ಸಲೀಸು, ಅದರಲ್ಲೇ ಹೇಳುತ್ತೇನೆ. ವರ್ಷಕ್ಕೆ 140 ಟಿಎಂಸಿ ಕಡಿಮೆಯಾಗಿದೆ, ಆದರೆ ಈ ಲೆಕ್ಕದಲ್ಲಿ 700 ಟಿಎಂಸಿ ಆಚೀಚೆ ಆಗಬಹುದು! ಆ ‘ಆಚೀಚೆ’ಯನ್ನು ಓದದ ಪತ್ರಿಕೆಗಳು ಹಿಮಾಲಯದಲ್ಲಿ ಏನೂ ಕರಗಿಲ್ಲ ಎಂಬರ್ಥದ ತಲೆಬರಹ ಹಾಕಿದವು. ತೊಡಕು ಎಲ್ಲಿತ್ತೆಂದರೆ, ಪರ್ವತಗಳ ಬುಡದಲ್ಲೇ ಉತ್ತರ ಭಾರತದ ಬಯಲು. ಅಲ್ಲಿನ ಬೋರ್‌ವೆಲ್‌ಗಳು ಎತ್ತುವ ಅಂತರ್ಜಲವೂ ಉಪಗ್ರಹಕ್ಕೆ ತೂಕದ ಇಳಿಕೆಯಾಗಿಯೇ ಕಾಣುತ್ತದೆ. ಪಂಜಾಬಿನ ಪಂಪ್‌ಸೆಟ್ ನೀರು ಯಾವುದು, ಹಿಮಾಲಯದ ಐಸು ಯಾವುದು ಎಂದು ಬಿಡಿಸುವುದು ಸುಲಭವಲ್ಲ.

2017ರಲ್ಲಿ ಬೇರೆ ವಿಧಾನ ಬಂತು. ಉಪಗ್ರಹದಿಂದ ಎರಡು ಕೋನಗಳಲ್ಲಿ ತೆಗೆದ ಚಿತ್ರಗಳಿಂದ ಹಿಮನದಿಯ ಮೇಲ್ಮೈ ಎತ್ತರ ಕಟ್ಟಿ, 2000ದಿಂದ 2016ರವರೆಗೆ ಅದು ಎಷ್ಟು ತಗ್ಗಿತು ಎಂದು ಲೆಕ್ಕ ಹಾಕಿದರು. ಸಿಕ್ಕ ಉತ್ತರ ವರ್ಷಕ್ಕೆ 1,630 ಕೋಟಿ ಟನ್, ಆಚೀಚೆ 350 ಕೋಟಿ ಟನ್. ಅಂದರೆ ಸುಮಾರು 575 ಟಿಎಂಸಿ. ಕೆಆರ್‌ಎಸ್ ತುಂಬಿದರೆ 49.45 ಟಿಎಂಸಿ, ಹಾಗಾಗಿ ವರ್ಷಕ್ಕೆ ಹನ್ನೊಂದು ಹನ್ನೆರಡು ಕೆಆರ್‌ಎಸ್‌ನಷ್ಟು. ಈಗ ಹಿಂದಿನ ಲೆಕ್ಕಕ್ಕೆ ಮರಳಿ ನೋಡಿ. 2012ರವರು ಹೇಳಿದ್ದ ಅಂಚುಗಳ ಒಳಗೇ ಈ ಹೊಸ ಸಂಖ್ಯೆ ಕೂತಿದೆ. ಅವರು ತಪ್ಪಿರಲಿಲ್ಲ, ತಮಗೆ ಎಷ್ಟು ಗೊತ್ತಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಬರೆದಿದ್ದರು. ತಪ್ಪಿದ್ದು ಓದಿದವರು. ವಿಜ್ಞಾನದ ಸುದ್ದಿ ಓದುವಾಗ ಸಂಖ್ಯೆಗಿಂತ ಮೊದಲು ಅದರ ಬಾಲವನ್ನು ನೋಡುವ ಅಭ್ಯಾಸ ನನಗೆ ಹತ್ತಿದ್ದು ಈ ಪ್ರಕರಣದಿಂದ.

ಅಮೆರಿಕ ಶೀತಲ ಸಮರದ ಕಾಲದಲ್ಲಿ ಬೇಹುಗಾರಿಕೆಗೆ ತೆಗೆದ ಫೋಟೋಗಳೂ ಕೆಲಸಕ್ಕೆ ಬಂದವು. 1970ರ ದಶಕದ ಆ ಚಿತ್ರಗಳಲ್ಲಿ ಹಿಮಾಲಯವೂ ಸೆರೆಯಾಗಿತ್ತು. 2,000 ಕಿ.ಮೀ. ಉದ್ದಕ್ಕೆ 650 ಹಿಮನದಿಗಳನ್ನು ಅಂದಿಗೂ ಇಂದಿಗೂ ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದು: 1975ರಿಂದ 2000ದವರೆಗೆ ವರ್ಷಕ್ಕೆ ಸರಾಸರಿ 22 ಸೆಂ.ಮೀ. ನೀರಿನಷ್ಟು ಇಳಿದವು, 2000ದಿಂದ 2016ರವರೆಗೆ 43 ಸೆಂ.ಮೀ. ಇಮ್ಮಡಿ. ಯಾರನ್ನೋ ಪತ್ತೆ ಮಾಡಲು ತೆಗೆದ ಚಿತ್ರ ಯಾವುದನ್ನೋ ಪತ್ತೆ ಮಾಡಿತು.

ಇದೆಲ್ಲ ಆಗಿಹೋದದ್ದರ ಲೆಕ್ಕ. ಮುಂದಿನದನ್ನು ಹೇಳುವಾಗ ಒಂದೊಂದು ಹಿಮನದಿಗೂ ಒಂದೊಂದು ಸ್ವಭಾವ ಎದುರಾಗುತ್ತದೆ. ಹಿಮಾಲಯದ ಎಷ್ಟೋ ಹಿಮನದಿಗಳ ಕೆಳಭಾಗ ಕಲ್ಲುಮಣ್ಣಿನಿಂದ ಮುಚ್ಚಿರುತ್ತದೆ, ಬಿಳಿಯ ಐಸು ಹುಡುಕಿದರೂ ಕಾಣದು. ಮೀನು ಮಾರುಕಟ್ಟೆಯಲ್ಲಿ ಐಸಿನ ದಿಮ್ಮಿಗೆ ಮರದ ಹೊಟ್ಟು ಸುರಿದು ಗೋಣಿ ಹೊದಿಸುತ್ತಾರಲ್ಲ, ದಪ್ಪನೆಯ ಕಲ್ಲಿನ ಹೊದಿಕೆ ಹಾಗೆ ಕಾಪಾಡುತ್ತದೆ. ಅದೇ ಹೊದಿಕೆ ಎರಡು ಸೆಂ.ಮೀ.ಗಿಂತ ತೆಳುವಾಗಿದ್ದರೆ ಕಪ್ಪು ಬಣ್ಣ ಬಿಸಿಲನ್ನು ಹೀರಿ ಐಸನ್ನು ಇನ್ನೂ ಬೇಗ ಕರಗಿಸುತ್ತದೆ. ಪೂರ್ವದ ಹಿಮನದಿಗಳಿಗೆ ಹಿಮ ಬೀಳುವುದು ಮುಂಗಾರಿನಲ್ಲಿ, ಅಂದರೆ ಕರಗುವ ಕಾಲದಲ್ಲೇ. ಬಿಸಿ ಸ್ವಲ್ಪ ಏರಿದರೆ ಹಿಮದ ಬದಲು ಮಳೆ ಬಿದ್ದು ಜಮೆಗೂ ಏಟು, ಖರ್ಚಿಗೂ ಏಟು. ಪಶ್ಚಿಮದವಕ್ಕೆ ಚಳಿಗಾಲದ ಗಾಳಿ ಹಿಮ ತರುತ್ತದೆ. ಕಾರಕೋರಂನಲ್ಲಂತೂ ಅನೇಕ ಹಿಮನದಿಗಳು ದಶಕಗಟ್ಟಲೆ ಸೊರಗದೆ ನಿಂತಿದ್ದವು, ಕೆಲವು ಬೆಳೆದವು. ಹಿಮನದಿ ತಜ್ಞ ಕೆನೆತ್ ಹೆವಿಟ್ 2005ರಲ್ಲಿ ಅದನ್ನು ಕಾರಕೋರಂನ ಅಪವಾದ ಎಂದು ಗುರುತಿಸಿದರು.

ಹಾಗಾಗಿಯೇ ಒಂದೇ ಹಿಮನದಿಗೆ ತಾರೀಖು ಇಟ್ಟವರು ಎಡವಿದ್ದಾರೆ. ಆಫ್ರಿಕಾದ ಕಿಲಿಮಂಜಾರೊದ ಐಸು 2015ರಿಂದ 2020ರ ನಡುವೆ ಮುಗಿಯುತ್ತದೆ ಎಂದು 2002ರಲ್ಲಿ ಒಂದು ಹೆಸರಾಂತ ಪ್ರಬಂಧ ಹೇಳಿತು. 2020 ದಾಟಿತು, ಐಸು ಕುಗ್ಗುತ್ತಿದೆ, ಆದರೆ ಇನ್ನೂ ಇದೆ. ಅಮೆರಿಕದ ಮಾಂಟಾನಾದಲ್ಲಿ ಗ್ಲೇಷಿಯರ್ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ಹಿಮನದಿಗಳೆಲ್ಲ 2020ಕ್ಕೆ ಇಲ್ಲವಾಗುತ್ತವೆ ಎಂದು ಬೋರ್ಡು ಹಾಕಿದ್ದರು. 2020 ಹತ್ತಿರ ಬಂದಾಗ ಬೋರ್ಡು ಬದಲಿಸಬೇಕಾಯಿತು. ನಗಬೇಡಿ, ಇನ್ನೊಂದು ಉದಾಹರಣೆ ಇದೆ. ಬೊಲಿವಿಯಾದ ಲಾ ಪಾಜ್ ನಗರದ ಬಳಿಯ ಚಕಲ್ತಾಯ ಹಿಮನದಿಯ ಮೇಲೆ ಜನ ಸ್ಕೀ ಆಡುತ್ತಿದ್ದರು. ಅದು 2015ರವರೆಗೆ ಬರಬಹುದು ಎಂದು ವಿಜ್ಞಾನಿಗಳು ಅಂದಾಜಿಸಿದ್ದರು. ಅದು 2009ರಲ್ಲೇ ಮುಗಿಯಿತು. ತಾರೀಖು ತಪ್ಪುವುದು ಎರಡೂ ಕಡೆಗೆ. ಮೊದಲ ಬಗೆಯ ತಪ್ಪು ಮಾತ್ರ ಸುದ್ದಿಯಾಗುತ್ತದೆ.

ಎಲ್ಲ ಹಿಮನದಿಗಳನ್ನು ಒಟ್ಟಿಗೆ ಹಿಡಿದರೆ ಮಾತು ಬೇರೆ. ಒಂದೊಂದರ ಸ್ವಭಾವದ ಏರುಪೇರು ಒಂದನ್ನೊಂದು ಹೊಡೆದುಹಾಕುತ್ತದೆ. ಈ ಸಲದ ಆರಿದ್ರಾ ಮಳೆ ನಿಮ್ಮ ಹೊಲಕ್ಕೆ ಯಾವ ದಿನ ಬೀಳುತ್ತದೆ ಎಂದು ಹೇಳುವುದು ಕಷ್ಟ, ಜುಲೈಯಲ್ಲಿ ಆಗುಂಬೆಯಲ್ಲಿ ಮೇ ತಿಂಗಳಿಗಿಂತ ಹೆಚ್ಚು ಮಳೆ ಎಂದು ಹೇಳುವುದು ಸುಲಭ. ಮೊದಲನೆಯದು ಹವಾಮಾನ, ಎರಡನೆಯದು ಹವಾಗುಣ. ನಮ್ಮ ಪತ್ರಿಕೆಗಳು ಎರಡಕ್ಕೂ ಹವಾಮಾನ ಎಂದೇ ಬರೆದು ಅರ್ಧ ಗೊಂದಲ ತಾವೇ ಹುಟ್ಟಿಸಿವೆ, ಈ ಲೇಖನದ ಮೊದಲ ಸಾಲೂ ಅದೇ ತಪ್ಪು ಮಾಡಿದೆ.

ಮಾಡೆಲ್‌ಗಳು ಮಾಡುವುದೂ ಜಮೆ ಖರ್ಚಿನ ಲೆಕ್ಕವನ್ನೇ. ಪ್ರತಿ ಹಿಮನದಿಗೂ ವಿಸ್ತೀರ್ಣ, ಅಂದಾಜು ದಪ್ಪ, ಎತ್ತರ ಕೊಟ್ಟು, ಹವಾಗುಣದ ಮಾಡೆಲ್ ಹೇಳುವ ಉಷ್ಣತೆ ಮತ್ತು ಹಿಮಪಾತವನ್ನು ಅದರ ಮೇಲೆ ಹರಿಸಿ, ವರ್ಷ ವರ್ಷ ಮುಂದೆ ನಡೆಸುತ್ತಾರೆ. ಎಡವುವ ಜಾಗಗಳು ಗೊತ್ತಿರುವಂಥವೇ. ದಪ್ಪದ ಅಂದಾಜು ಅದರಲ್ಲೊಂದು. ಏಷ್ಯಾದ ಎತ್ತರದ ಪರ್ವತಗಳಲ್ಲಿ ಹಿಂದೆ ಎಣಿಸಿದ್ದಕ್ಕಿಂತ ಶೇ. 27ರಷ್ಟು ಕಡಿಮೆ ಐಸು ಇದೆ ಎಂದು 2019ರಲ್ಲಿ ಲೆಕ್ಕ ತಿದ್ದುಪಡಿಯಾಯಿತು. ಮೊದಲ ಕೆಲವು ದಶಕಗಳಿಗೆ ಹಿಮನದಿ ಮಾಡೆಲ್‌ಗಳ ನಡುವಿನ ಭಿನ್ನಾಭಿಪ್ರಾಯವೇ ದೊಡ್ಡ ಅನಿಶ್ಚಿತತೆ. ಶತಮಾನದ ಕೊನೆಗೆ ಹೋದಂತೆ ದೊಡ್ಡ ಅನಿಶ್ಚಿತತೆ ಭೌತಶಾಸ್ತ್ರದ್ದಲ್ಲ, ಮನುಷ್ಯರದ್ದು. ನಾವು ಎಷ್ಟು ಕಲ್ಲಿದ್ದಲು, ಡೀಸೆಲ್ ಸುಡುತ್ತೇವೆ ಎಂಬುದನ್ನು ಯಾವ ಮಾಡೆಲೂ ಹೇಳಲಾರದು. ಅದಕ್ಕೇ ಅವು ‘ಹೀಗಾಗುತ್ತದೆ’ ಎನ್ನುವುದಿಲ್ಲ, ‘ಹೀಗೆ ಮಾಡಿದರೆ ಹೀಗೆ’ ಎನ್ನುತ್ತವೆ. ಆ ‘ಮಾಡಿದರೆ’ ಕಿತ್ತುಹಾಕಿದ ಕ್ಷಣ ಮುನ್ಸೂಚನೆ ಜ್ಯೋತಿಷ್ಯವಾಗುತ್ತದೆ.

ಈ ಷರತ್ತಿನ ಲೆಕ್ಕಗಳನ್ನು ಕಾಲ ಪರೀಕ್ಷೆ ಮಾಡಿದೆಯೇ? ಭೂಮಿಯ ಸರಾಸರಿ ಉಷ್ಣತೆಯ ವಿಷಯದಲ್ಲಿ ಮಾಡಿದೆ. 1970ರಿಂದ 2007ರವರೆಗೆ ಪ್ರಕಟವಾದ 17 ಮುನ್ನೋಟಗಳನ್ನು ತೆಗೆದು, ಆಮೇಲೆ ನಿಜವಾಗಿ ಆದದ್ದರ ಪಕ್ಕ ಇಟ್ಟು ನೋಡಿದ ಅಧ್ಯಯನವೊಂದಿದೆ. 10 ನೇರವಾಗಿ ಹೊಂದಿಕೊಂಡವು. ಗಾಳಿಗೆ ಎಷ್ಟು ಅನಿಲ ಸೇರುತ್ತದೆ ಎಂಬ ಊಹೆಯ ತಪ್ಪನ್ನು ಸರಿಪಡಿಸಿದರೆ 14 ಹೊಂದಿಕೊಂಡವು. 1970ರ ದಶಕದ ಕಂಪ್ಯೂಟರುಗಳು ಇವತ್ತಿನ ಅಗ್ಗದ ಮೊಬೈಲಿಗೂ ಸಾಟಿಯಲ್ಲ ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಹಿಮಾಲಯಕ್ಕೆ ಇವತ್ತಿನ ಷರತ್ತಿನ ಲೆಕ್ಕ ಹೀಗಿದೆ. ಭೂಮಿಯ ಉಷ್ಣತೆಯ ಏರಿಕೆ 1.5 ಡಿಗ್ರಿಗೆ ನಿಂತರೆ ಏಷ್ಯಾದ ಈ ಪರ್ವತಗಳಲ್ಲಿ ಏರಿಕೆ 2.1 ಡಿಗ್ರಿಯಷ್ಟಾಗುತ್ತದೆ, ಶತಮಾನದ ಕೊನೆಗೆ ಐಸಿನ ಮೂರರಲ್ಲೊಂದು ಪಾಲು ಹೋಗುತ್ತದೆ. ಹೊಗೆ ಹೀಗೇ ಏರುತ್ತ ಹೋದರೆ ಮೂರರಲ್ಲಿ ಎರಡು ಪಾಲು. 2017ರಲ್ಲಿ ಪ್ರಕಟವಾದ ಈ ಸಂಖ್ಯೆಗಳ ಬಾಲವನ್ನೂ ಹೇಳಿಬಿಡುತ್ತೇನೆ: ಶೇ. 36, ಆಚೀಚೆ 7, ಶೇ. 64, ಆಚೀಚೆ 5. ಬಿಸಿ ಇವತ್ತೇ ನಿಂತರೂ ಕರಗುವಿಕೆ ನಿಲ್ಲದು, ಏಕೆಂದರೆ ಹಿಮನದಿಗಳು ಈಗಿನ ಬಿಸಿಗೆ ಇನ್ನೂ ಹೊಂದಿಕೊಂಡು ಮುಗಿಸಿಲ್ಲ. 2100ಕ್ಕೆ ಹಿಮಾಲಯ ಬೋಳಾಗುವುದಿಲ್ಲ. ಇದನ್ನು ಸಮಾಧಾನದ ಸುದ್ದಿ ಎಂದು ಓದುವವರಿಗೆ ನನ್ನ ತಕರಾರಿದೆ.

ಇನ್ನೊಂದು ತಪ್ಪು ತಿಳಿವಳಿಕೆಯೂ 2035ರ ಜೊತೆ ಹುಟ್ಟಿತು: ಹಿಮನದಿ ಹೋದರೆ ಗಂಗೆ ಬತ್ತುತ್ತದೆ ಎಂಬುದು. ಗಂಗೆಯ ಮೇಲ್ಭಾಗದ ಕಣಿವೆಯಲ್ಲೂ ಹಿಮನದಿ ಕರಗಿದ ನೀರು ಶೇ. 11ರಿಂದ 12. ಉಳಿದದ್ದು ಹೆಚ್ಚಾಗಿ ಮಳೆ. ಸಿಂಧೂ ನದಿಯ ಮೇಲ್ಭಾಗದಲ್ಲಿ ಮಾತ್ರ ಅದು ಶೇ. 40ರ ಆಸುಪಾಸು. ಗಾಬರಿಪಡಬೇಕಾದವರು ಪಟ್ನಾದವರಿಗಿಂತ ಹೆಚ್ಚಾಗಿ ಲಡಾಖ್, ಗಿಲ್ಗಿಟ್, ಪಾಕಿಸ್ತಾನದ ಪಂಜಾಬಿನವರು. ನಮ್ಮ ಕಾವೇರಿ, ಕೃಷ್ಣೆಗೆ ಹಿಮನದಿಯ ಹಂಗೇ ಇಲ್ಲ. ನಮಗೆ ಅದು ತಟ್ಟುವುದು ಕರಾವಳಿಯಲ್ಲಿ. 2000ದಿಂದ 2023ರವರೆಗೆ ಲೋಕದ ಹಿಮನದಿಗಳು ಕರಗಿ ಸಮುದ್ರ 18 ಮಿ.ಮೀ. ಏರಿದೆ. ಮಲ್ಪೆಯ ದಡದಲ್ಲಿ ನಿಂತವರಿಗೆ ಅದು ಕಾಣುವ ಸಂಗತಿಯಲ್ಲ.

ಕಾಣುವ ಸಂಗತಿ ಒಂದಿದೆ, ಮುನ್ಸೂಚನೆ ಎಂದರೇನು ಎಂಬುದಕ್ಕೆ ನನಗೆ ತಿಳಿದ ಅತ್ಯಂತ ಕಹಿಯಾದ ಉದಾಹರಣೆಯೂ ಅದೇ. ಉತ್ತರ ಸಿಕ್ಕಿಮಿನ ದಕ್ಷಿಣ ಲೋನಾಕ್ ಹಿಮನದಿ ಹಿಂದೆ ಸರಿದಂತೆಲ್ಲ ಅದರ ಮುಂದೆ ಒಂದು ಸರೋವರ ಬೆಳೆಯುತ್ತ ಬಂತು. ಅದನ್ನು ತಡೆದು ನಿಲ್ಲಿಸಿದ್ದು ಹಿಮನದಿಯೇ ಹಿಂದೆಂದೋ ತಂದು ಸುರಿದ ಕಲ್ಲುಮಣ್ಣಿನ ದಿಬ್ಬ. ಗಾರೆಯಿಲ್ಲ, ಕೋಡಿಯಿಲ್ಲ. ಅದು ಒಡೆಯಬಹುದಾದ ಸರೋವರ ಎಂದು 2013ರಲ್ಲೇ ಭಾರತೀಯ ವಿಜ್ಞಾನಿಗಳು ಬರೆದಿದ್ದರು. 2021ರಲ್ಲಿ ಇನ್ನೊಂದು ತಂಡ, ಒಡೆದರೆ ನೀರು ಯಾವ ದಾರಿಯಲ್ಲಿ ಇಳಿದು ಕೆಳಗಿನ ಚುಂಗ್‌ಥಾಂಗ್ ಊರಿಗೆ ಹೇಗೆ ಬಡಿಯುತ್ತದೆ ಎಂದು ಮಾಡೆಲ್ ಮಾಡಿ ತೋರಿಸಿತು. ತಾರೀಖನ್ನು ಯಾರೂ ಬರೆಯಲಿಲ್ಲ, ಬರೆಯಲು ಸಾಧ್ಯವೂ ಇರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಮುನ್ನೆಚ್ಚರಿಕೆ ವ್ಯವಸ್ಥೆಯ ಮೊದಲ ಹಂತವಾಗಿ ಸರೋವರದ ಬಳಿ ಕ್ಯಾಮೆರಾ ಮತ್ತು ಹವಾಮಾನ ಉಪಕರಣಗಳನ್ನು ನಿಲ್ಲಿಸಿ ಬಂದರು. ಅಕ್ಟೋಬರ್ 3ರ ರಾತ್ರಿ ದಡದ ಮಣ್ಣು ಕುಸಿದು ಸರೋವರಕ್ಕೆ ಬಿತ್ತು, ನೀರು ಉಕ್ಕಿ ದಿಬ್ಬವನ್ನು ಸೀಳಿತು, ಬೆಳಗಾಗುವಷ್ಟರಲ್ಲಿ ಚುಂಗ್‌ಥಾಂಗ್‌ನ ತೀಸ್ತಾ ಜಲವಿದ್ಯುತ್ ಅಣೆಕಟ್ಟು ಕೊಚ್ಚಿಹೋಗಿತ್ತು. ವ್ಯವಸ್ಥೆಯ ಎರಡನೇ ಹಂತ ಇನ್ನೂ ಬಾಕಿಯಿತ್ತು.